ಮಗ್ಗಿ ಹೇಳುತ್ತಾ ಓಡಿ, ಮರುದಿನ ಸುಮ್ಮನಿರಿ

ನಲವತ್ತೊಂದನೇ ವಯಸ್ಸಿಗೆ ಓಡಲು ಶುರುಮಾಡಿದವನು ನಾನು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆ, ಕಾಲಿಗೆ ಹೊಸ ಷೂ, ಕೈಗೆ ಹೊಸ ವಾಚು. ಮೂರನೇ ದಿನ ಎದುರಿನಿಂದ ಕೋಲೂರಿಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತು ಕೇಳಿದರು: ‘ಯಾಕ್ ಸಾರ್, ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಿದಾರಾ?’ ನಗು ಬಂತು, ಉತ್ತರ ಕೊಡಲು ಉಸಿರಿರಲಿಲ್ಲ. ಹದಿನಾರು ದಿನ ಒಂದು ದಿನವೂ ತಪ್ಪಿಸದೆ ಹಾಗೇ ಓಡಿದೆ. ಹದಿನೇಳನೇ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಟ್ಟರೆ ಎಡ ಕಣಕಾಲಿನ ಎಲುಬಿನ ಉದ್ದಕ್ಕೂ ಚಳುಕು. ಆಮೇಲೆ ಐದು ವಾರ ಕೆರೆಯ ಕಡೆ ಹೋದದ್ದೆಲ್ಲ ಸ್ಕೂಟರಿನಲ್ಲಿ.

ದಿನಾ ಓಡಿದ್ದು ತಪ್ಪೋ, ಜೋರಾಗಿ ಓಡಿದ್ದು ತಪ್ಪೋ ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಈಗ ಅನ್ನಿಸುವುದೇನೆಂದರೆ, ಎರಡೂ ಒಂದೇ ಪಾಸ್‌ಬುಕ್ಕಿನ ಲೆಕ್ಕ. ಜೋರು ಓಟ ದೊಡ್ಡ ಖರ್ಚು, ನಿಧಾನದ ಓಟ ಸಣ್ಣ ಖರ್ಚು, ಬಿಡುವಿನ ದಿನ ಜಮೆ. ಜಮೆ ಆಗುವ ಮುಂಚೆಯೇ ತೆಗೆಯುತ್ತಾ ಹೋದರೆ ಚೆಕ್ ಬೌನ್ಸ್ ಆಗದೆ ಇನ್ನೇನು?

ಕಾಲಿನೊಳಗೆ ಏನು ನಡೆಯುತ್ತದೆ

ಓಡುವಾಗ ಪ್ರತಿ ಹೆಜ್ಜೆಗೂ ನೆಲದಿಂದ ನಮ್ಮ ತೂಕದ ಎರಡರಿಂದ ಮೂರು ಪಟ್ಟು ಪೆಟ್ಟು ಕಾಲಿಗೆ ಬೀಳುತ್ತದೆ. ನಿಮಿಷಕ್ಕೆ 160 ಹೆಜ್ಜೆ ಎಂದಿಟ್ಟುಕೊಂಡರೂ ಅರ್ಧ ಗಂಟೆಗೆ 4,800 ಪೆಟ್ಟು. ಇದನ್ನು ತಡೆದುಕೊಳ್ಳಲು ದೇಹ ತನ್ನನ್ನು ಗಟ್ಟಿಮಾಡಿಕೊಳ್ಳುತ್ತದೆ, ಆದರೆ ಎಲ್ಲ ಭಾಗವೂ ಒಂದೇ ಸಮ ಗಟ್ಟಿಯಾಗುವುದಿಲ್ಲ. ಹೃದಯ, ಶ್ವಾಸಕೋಶ ಚುರುಕು. ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗಿ, ‘ನಾನಿನ್ನು ಓಟಗಾರ’ ಎಂಬ ಧೈರ್ಯ ಬರುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜುಗಳಿಗೂ ಎಲುಬಿಗೂ ತಿಂಗಳುಗಳೇ ಬೇಕು.

ಎಲುಬಿನದ್ದಂತೂ ಮನೆ ರಿಪೇರಿಯ ಕಥೆ. ಹೊಸ ಭಾರ ಬಿದ್ದಾಗ ದೇಹ ಮೊದಲು ಹಳೆಯ ಅಂಶವನ್ನು ಕರಗಿಸಿ ತೆಗೆಯುತ್ತದೆ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಹಳೆಯ ಗಾರೆ ಕೆತ್ತಿಹಾಕಿ, ಹೊಸದು ಇನ್ನೂ ಕ್ಯೂರಿಂಗ್ ಆಗದ ಗೋಡೆ ಹೇಗಿರುತ್ತದೋ ಹಾಗೆ, ನಡುವಿನ ಕೆಲವು ವಾರ ಎಲುಬು ಮೊದಲಿಗಿಂತ ತುಸು ದುರ್ಬಲವಾಗಿಯೇ ಇರುತ್ತದೆ. ಉಸಿರು ಸಲೀಸಾಗುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ! ಹೊಸಬರು ಮೂರನೇ, ನಾಲ್ಕನೇ ವಾರದಲ್ಲಿ ಏಟು ಮಾಡಿಕೊಳ್ಳುವುದು ಇದಕ್ಕೇ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಷೂ ಕೊಳ್ಳುವ ಮುಂಚೆ ದಿನ ಗೊತ್ತುಮಾಡಿಕೊಳ್ಳಿ. ವಾರಕ್ಕೆ ಮೂರು ದಿನ ಸಾಕು. ಎರಡು ಓಟದ ನಡುವೆ ಒಂದಾದರೂ ಬಿಡುವಿನ ದಿನ ಇರಲಿ. ಮಂಗಳವಾರ, ಗುರುವಾರ, ಭಾನುವಾರ ನನಗೆ ಒಗ್ಗಿದ ಲೆಕ್ಕ. 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಹೊಸಬರಿಗಾಗಿ ರೂಪಿಸಿದ, ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಕೌಚ್ ಟು 5ಕೆ’ (ಸೋಫಾದಿಂದ ಎದ್ದು 5 ಕಿ.ಮೀ. ಓಟದವರೆಗೆ) ಕ್ರಮವೂ ವಾರಕ್ಕೆ ಮೂರೇ ದಿನದ್ದು, ಒಟ್ಟು ಒಂಬತ್ತು ವಾರ.

ಬಿಡುವಿನ ದಿನವನ್ನೂ ಕ್ಯಾಲೆಂಡರಿನಲ್ಲಿ ಪೆನ್ನಿನಲ್ಲೇ ಬರೆಯಿರಿ. ಖಾಲಿ ಬಿಟ್ಟರೆ ‘ಇವತ್ತು ಮೈ ಹಗುರವಾಗಿದೆ, ಒಂದು ರೌಂಡ್ ಹೋಗಿಬರೋಣ’ ಎಂಬ ಆಸೆ ಅಲ್ಲಿ ಬಂದು ಕೂರುತ್ತದೆ.

ನಲವತ್ತು ದಾಟಿದವರು, ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಶುರುಮಾಡುವ ಮುಂಚೆ ವೈದ್ಯರನ್ನು ಕಂಡು ಬನ್ನಿ.

ಪೇಸ್: ವಾಚು ಬಿಡಿ, ಮಗ್ಗಿ ಹಿಡಿಯಿರಿ

ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯಿತು ಎನ್ನುವುದೇ ಪೇಸ್. 8 ನಿಮಿಷದ ಪೇಸಿನಲ್ಲಿ 5 ಕಿ.ಮೀ.ಗೆ 40 ನಿಮಿಷ. ‘ಎಂಟು ನಿಮಿಷವಾ, ಅಷ್ಟು ನಿಧಾನವಾ!’ ಎನ್ನುವವರು ಸಿಗುತ್ತಾರೆ. ಸಿಗಲಿ. ಮೊದಲ ಎರಡು ತಿಂಗಳು ಈ ಸಂಖ್ಯೆಯನ್ನು ನೋಡಲೇಬೇಡಿ. ಅದಕ್ಕೆ ಬದಲಾಗಿ ಓಡುತ್ತಾ ಹನ್ನೆರಡರ ಮಗ್ಗಿ ಹೇಳಿ.

‘ಹನ್ನೆರಡೊಂದ್ಲ ಹನ್ನೆರಡು, ಹನ್ನೆರಡೆರಡ್ಲ ಇಪ್ಪತ್ನಾಲ್ಕು.’ ಇಷ್ಟನ್ನು ಬಾಯಿಬಿಟ್ಟು, ಕೇಳಿಸುವ ದನಿಯಲ್ಲಿ, ತಡವರಿಸದೆ ಹೇಳಲಾದರೆ ಪೇಸ್ ಸರಿಯಿದೆ. ‘ಹನ್ನೆರಡೆರಡ್ಲ’ ಆದಮೇಲೆ ಒಂದು ಸಲ ಉಸಿರು ಎಳೆದು ‘ಇಪ್ಪತ್ನಾಲ್ಕು’ ಹೇಳುವಂತಾದರೆ ಜೋರಾಯಿತು, ತಗ್ಗಿಸಿ. ಮನಸ್ಸಿನಲ್ಲೇ ಹೇಳಿಕೊಂಡರೆ ಲೆಕ್ಕಕ್ಕಿಲ್ಲ. ಮನಸ್ಸಿಗೆ ಏದುಸಿರು ಬರುವುದಿಲ್ಲ. ಜೊತೆಗಾರರಿದ್ದರೆ ಮಗ್ಗಿ ಬೇಡ, ಸಂಸಾರದ ತಾಪತ್ರಯ ಮಾತಾಡಿಕೊಂಡು ಓಡಿ.

ಈ ಉಪಾಯ ಊರಿಗೆ, ಕಾಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಡಿಸೆಂಬರಿನಲ್ಲಿ ಬಂದ ಪೇಸ್ ಅಲ್ಲಿ ಬರಲಾರದು, ಬರಬೇಕಾಗಿಯೂ ಇಲ್ಲ. ರಾಯಚೂರು, ಬಳ್ಳಾರಿಯವರು ಏಪ್ರಿಲ್‌ನಲ್ಲಿ ಬಿಸಿಲೇರುವ ಮುಂಚೆಯೇ ಓಡಿ ಮುಗಿಸಬೇಕು. ಆಗಲೂ ಪೇಸ್ ಇಳಿದೇ ಇಳಿಯುತ್ತದೆ. ವಾಚಿಗೆ ಇದೊಂದೂ ಗೊತ್ತಿಲ್ಲ, ಉಸಿರಿಗೆ ಗೊತ್ತು.

ನಡುನಡುವೆ ನಡೆಯಿರಿ

ಮಗ್ಗಿ ಹೇಳುವಷ್ಟು ನಿಧಾನಕ್ಕೆ ಓಡಲು ಆಗುವುದೇ ಇಲ್ಲ, ಓಟ ಎಂದರೆ ಏದುಸಿರೇ ಎನ್ನುವವರಿಗೆ ಇದು ದಾರಿ. ನಾಚಿಕೆ ಬೇಡ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಜೆಫ್ ಗ್ಯಾಲೋವೇ ಎಂಬ ಅಮೆರಿಕನ್ ಓಟಗಾರ ಹೀಗೆ ಓಟ–ನಡಿಗೆ ಬೆರೆಸುವುದನ್ನೇ ಹೊಸಬರಿಗೆ ಕಲಿಸುತ್ತಾ ಬಂದವರು.

ನಾನು ಎರಡನೇ ಸಲ ಶುರುಮಾಡಿದಾಗ ಹಿಡಿದ ಕ್ರಮ ಹೀಗಿತ್ತು. ಮೊದಲು ಐದು ನಿಮಿಷ ಬಿರುಸು ನಡಿಗೆ. ನಂತರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸುತ್ತು. ಕೊನೆಗೆ ಐದು ನಿಮಿಷ ನಿಧಾನ ನಡಿಗೆ. ಎರಡು ವಾರ ಇಷ್ಟೇ. ಮೂರನೇ ವಾರ ಎರಡು ನಿಮಿಷ ಓಟಕ್ಕೆ ಎರಡು ನಿಮಿಷ ನಡಿಗೆ. ನಾಲ್ಕನೇ ವಾರ ಹೆಚ್ಚಿಸಲಿಲ್ಲ, ಸುತ್ತುಗಳನ್ನೇ ಕಡಿಮೆ ಮಾಡಿದೆ: ಎಲುಬಿನ ಗಾರೆ ಒಣಗಲಿ ಎಂದು. ಐದನೇ ವಾರ ಮೂರು ನಿಮಿಷ, ಏಳನೇ ವಾರ ಐದು ನಿಮಿಷ ಓಟ, ಪ್ರತಿ ಓಟದ ನಂತರ ಒಂದು ನಿಮಿಷ ನಡಿಗೆ. ಅರ್ಧ ಗಂಟೆ ನಿಲ್ಲದೆ ಓಡಿದ್ದು ಹನ್ನೊಂದನೇ ವಾರ. ಆ ದಿನ ಕೆರೆಯ ನಡುಗಡ್ಡೆಯ ಮರದಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದು ಕಣ್ಣಿಗೆ ಬಿತ್ತು; ಮೊದಲ ಸಲ ಓಡುತ್ತಿದ್ದಾಗ ಅವೂ ಅಲ್ಲೇ ಇದ್ದಿರಬೇಕು.

‘ಓಟದ ಪ್ರಮಾಣವನ್ನು ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಡಿ’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಹೊಸ ಓಟಗಾರರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸೂತ್ರ ಹಿಡಿದು 13 ವಾರ ತಯಾರಾದವರಿಗೂ ಸಾಮಾನ್ಯ ಕ್ರಮದಲ್ಲಿ 8 ವಾರಕ್ಕೆ ಮುಗಿಸಿದವರಿಗೂ ಗಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಕಡೆ ಸುಮಾರು ಐವರಲ್ಲಿ ಒಬ್ಬರಿಗೆ ಏಟಾಗಿತ್ತು. ಹಾಗಾಗಿ ಕ್ಯಾಲ್ಕುಲೇಟರ್ ಹಿಡಿದು ಕೂರಬೇಡಿ. ನಿಮ್ಮ ಕಾಲು ಏನು ಹೇಳುತ್ತಿದೆ ನೋಡಿ.

ಯಾವ ನೋವು, ಎಂಥ ನೋವು

ಓಡಿದ ಮರುದಿನ, ಅದರ ಮರುದಿನ ಎರಡೂ ತೊಡೆ, ಮೀನಖಂಡ ಬಿಗಿದುಕೊಂಡು ಮೆಟ್ಟಿಲಿಳಿಯುವಾಗ ‘ಅಮ್ಮಾ’ ಎನ್ನಿಸಿದರೆ ಹೆದರಬೇಡಿ. ಅದು ಸ್ನಾಯುವಿನ ನೋವು, ಎರಡು ಮೂರು ದಿನಕ್ಕೆ ಹೋಗುತ್ತದೆ.

‘ಎಲ್ಲಿ ನೋವು?’ ಎಂದು ಯಾರಾದರೂ ಕೇಳಿದಾಗ ಇಡೀ ಅಂಗೈಯಲ್ಲಿ ಸವರಿ ತೋರಿಸುತ್ತೀರೋ, ಒಂದೇ ಬೆರಳಿಟ್ಟು ತೋರಿಸುತ್ತೀರೋ ಗಮನಿಸಿ. ಎಲುಬಿನ ಮೇಲೆ ಒಂದೇ ಬೆರಳಿಡುವ ಜಾಗದಲ್ಲಿ ನೋವು, ಒತ್ತಿದರೆ ಹೆಚ್ಚು, ನಡೆದರೂ ಹೆಚ್ಚು, ರಾತ್ರಿ ಮಲಗಿದಾಗಲೂ ಮಿಡಿಯುತ್ತದೆ ಎಂದಾದರೆ ಓಟ ಅಲ್ಲಿಗೇ ನಿಲ್ಲಿಸಿ, ಮೂಳೆ ವೈದ್ಯರ ಬಳಿ ಹೋಗಿ. ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದು. ಮುಲಾಮು ಹಚ್ಚಿ, ಮಾತ್ರೆ ನುಂಗಿ ಓಡುವುದು ಬೇಡ. ಎದೆನೋವು, ತಲೆಸುತ್ತು ಬಂದರಂತೂ ಕೂಡಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಬಿಡುವಿನ ದಿನ ಏನು ಮಾಡಬೇಕು

ಹೆಚ್ಚೇನೂ ಇಲ್ಲ. ಬಿಡುವೆಂದು ಒಂದು ಗಂಟೆ ಷಟಲ್ ಆಡಿದರೆ ಅದು ಬಿಡುವಲ್ಲ. ಷಟಲ್‌ನಲ್ಲೂ ಕಾಲಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಇಪ್ಪತ್ತು ನಿಮಿಷ ತರಕಾರಿ ತರಲು ನಡೆದುಹೋಗಿ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನ ಎತ್ತಿ ನಿಧಾನ ಇಳಿಸಿ, ಹನ್ನೆರಡು ಸಲದಂತೆ ಎರಡು ಬಾರಿ. ಮೀನಖಂಡ ಗಟ್ಟಿಯಾಗುತ್ತದೆ. ಆ ರಾತ್ರಿ ಬೇಗ ಮಲಗಿ. ಎರಡು ಹೊತ್ತಿನ ಧಾರಾವಾಹಿ ನೋಡಿ ಐದು ಗಂಟೆ ನಿದ್ದೆ ಮಾಡಿದ ಮೈಗೆ ಕ್ಯಾಲೆಂಡರಿನ ರಜೆಯಿಂದ ಪ್ರಯೋಜನ ಅಷ್ಟಕ್ಕಷ್ಟೆ.

ಏಳುವ ಮುಂಚೆ ಹಾಸಿಗೆಯಲ್ಲೇ ಮಣಿಕಟ್ಟಿನ ನಾಡಿ ಎಣಿಸುವ ಅಭ್ಯಾಸ ಒಳ್ಳೆಯದು. ದಿನವೂ 64 ಇರುವುದು ಒಂದು ಬೆಳಿಗ್ಗೆ 74 ಇದ್ದರೆ ನಿದ್ದೆ ಸಾಲದೆಯೋ ಜ್ವರ ಬರುವ ಮುಂಚೆಯೋ ಇರಬಹುದು. ಆ ದಿನದ ಓಟ ಬಿಟ್ಟುಬಿಡಿ.

ನಾಲ್ಕನೇ ದಿನ, ಆಮೇಲೆ ಜೋರು

ಅರ್ಧ ಗಂಟೆ ಮಗ್ಗಿ ಹೇಳುತ್ತಾ ಓಡುವುದು ಒಂದು ತಿಂಗಳು ಸಲೀಸಾದಮೇಲೆ ಏನಾದರೂ ಒಂದನ್ನು ಹೆಚ್ಚಿಸಿ: ದಿನವನ್ನೋ ವೇಗವನ್ನೋ, ಎರಡನ್ನೂ ಒಟ್ಟಿಗೆ ಅಲ್ಲ. ನನ್ನ ಮತ ದಿನ ಹೆಚ್ಚಿಸುವುದಕ್ಕೆ; ನಾಲ್ಕನೇ ದಿನ ಇಪ್ಪತ್ತೇ ನಿಮಿಷ, ಎಲ್ಲಕ್ಕಿಂತ ನಿಧಾನ. ಇನ್ನೊಂದು ತಿಂಗಳಾದ ಮೇಲೆ ವಾರದಲ್ಲಿ ಒಂದು ದಿನ ಓಟದ ಕೊನೆಗೆ 20 ಸೆಕೆಂಡು ಜೋರು, ಒಂದು ನಿಮಿಷ ನಡಿಗೆ, ನಾಲ್ಕು ಸಲ. ಅದರ ಮರುದಿನ ಬಿಡುವು ಕಡ್ಡಾಯ.

ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ವರ್ಲ್ಡ್ 10ಕೆ ಓಟಕ್ಕೆ ಹೆಸರು ಕೊಟ್ಟು, ಉಳಿದಿರುವುದು ಆರೇ ವಾರ ಎಂದು ಗಾಬರಿಯಾಗಿ ದಿನಾ ಓಡುವವರಿದ್ದಾರೆ. ಅಂಥವರು ಅದೇ ದಿನ ನಡೆಯುವ ಕಡಿಮೆ ದೂರದ ‘ಮಜ್ಜಾ ರನ್’ ಓಡಿ, 10 ಕಿ.ಮೀ. ಮುಂದಿನ ವರ್ಷಕ್ಕಿಡಿ.

ಮದುವೆ, ಊರಹಬ್ಬ, ಜ್ವರ ಎಂದು ಒಂದು ವಾರ ತಪ್ಪಿದರೆ, ತಪ್ಪಿದ ಮೂರು ಓಟವನ್ನು ಮುಂದಿನ ವಾರಕ್ಕೆ ಸೇರಿಸಿ ಆರು ಮಾಡಬೇಡಿ. ಬಿಟ್ಟಲ್ಲಿಗಿಂತ ಒಂದು ವಾರ ಹಿಂದಿನ ಕ್ರಮದಿಂದ ಮತ್ತೆ ಹಿಡಿಯಿರಿ. ಮೂರು ವಾರ ತಪ್ಪಿದ್ದರೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಗೇ ವಾಪಸ್ಸು.