ಬೆಳಗಾವಿ ರಸ್ತೆಯಲ್ಲಿ ಸೈಕಲ್: ಮಳೆ, ಹಳಿ, ಕಬ್ಬಿನ ಗಾಡಿ

ಬೆಳಗಾವಿಯಲ್ಲಿ ಸೈಕಲ್ ಹೊಡೆಯುವವರಿಗೆ ಎರಡು ಕಾಲ ಕಷ್ಟದವು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಅದರ ಬೆನ್ನಿಗೇ ಬರುವ ಕಬ್ಬಿನ ಹಂಗಾಮು.

ಮಳೆಗೆ ಮುಂಚೆ ಬ್ರೇಕ್ ನೋಡಿಕೊಳ್ಳಿ. ರಿಮ್ ಒದ್ದೆಯಾದರೆ ರಬ್ಬರಿಗೆ ಹಿಡಿತ ಸಿಗುವುದಿಲ್ಲ, ಸ್ಟೀಲ್ ರಿಮ್ ಆದರಂತೂ ಸೈಕಲ್ ಜಾರಿಕೊಂಡೇ ಮುಂದೆ ಹೋಗುತ್ತದೆ. ರಬ್ಬರಿಗೂ ರಿಮ್ಮಿಗೂ ನಡುವೆ 2–3 ಮಿ.ಮೀ. ಸಂದು ಸಾಕು. ರಬ್ಬರಿನ ಮೇಲಿನ ಗೀರು ಸವೆದಿದ್ದರೆ ಬದಲಿಸಿ. ಒತ್ತಿದ ಲಿವರ್ ಹ್ಯಾಂಡಲಿಗೆ ತಾಗುತ್ತಿದ್ದರೆ ಬಿಗಿ ಮಾಡಿಸಿ. ಮಳೆಯಲ್ಲಿ ಸರ್ಕಲ್ ಇನ್ನೂ ದೂರ ಇರುವಾಗಲೇ ಎರಡೂ ಬ್ರೇಕ್ ಹಗುರಾಗಿ ಹಿಡಿಯಿರಿ. ಗಾಲಿ ಒಂದೆರಡು ಸುತ್ತು ತಿರುಗುವಷ್ಟರಲ್ಲಿ ರಬ್ಬರು ರಿಮ್ಮಿನ ನೀರು ಒರೆಸುತ್ತದೆ, ಗಟ್ಟಿಯಾಗಿ ಒತ್ತುವುದು ಆಮೇಲೆ. ನೀರು ನಿಂತ ತಗ್ಗಿನ ಆಳ ಮೇಲಿಂದ ತಿಳಿಯದು, ಅದರಲ್ಲಿ ಹಾಯಬೇಡಿ.

ಟಿಳಕವಾಡಿ ಕಡೆಯ ರೈಲ್ವೆ ಗೇಟುಗಳಲ್ಲಿ ಬೇರೆಯೇ ಅಪಾಯ. ಹಳಿಯ ಒಳಮಗ್ಗುಲಿಗೆ ರೈಲಿನ ಗಾಲಿಗಾಗಿ ಬಿಟ್ಟ ಸಂದು ಸೈಕಲ್ ಟೈರಿಗಿಂತ ಅಗಲ. ಓರೆಯಾಗಿ ದಾಟಿದರೆ ಮುಂದಿನ ಗಾಲಿ ಅದರೊಳಗೆ ಇಳಿಯುತ್ತದೆ, ಸೈಕಲ್ ಅಲ್ಲೇ ನಿಲ್ಲುತ್ತದೆ, ನೀವು ಮುಂದಕ್ಕೆ ಬೀಳುತ್ತೀರಿ. ಹಳಿಗೆ ನೇರ ಅಡ್ಡಲಾಗಿ ದಾಟಿ. ಒದ್ದೆ ಹಳಿಯ ಮೇಲೆ ಬ್ರೇಕ್ ಒತ್ತಬೇಡಿ, ಹ್ಯಾಂಡಲ್ ತಿರುಗಿಸಬೇಡಿ. ಗೇಟು ತೆರೆದ ಕೂಡಲೇ ಎರಡೂ ಕಡೆಯ ಬೈಕುಗಳು ರಸ್ತೆ ತುಂಬಾ ನುಗ್ಗುತ್ತವೆ. ನೇರ ದಾಟಲು ಜಾಗ ಸಿಗದಿದ್ದರೆ ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ಇನ್ನು ಕಬ್ಬಿನ ಗಾಡಿ. ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿರುತ್ತಾರೆ, ಕಬ್ಬು ಎರಡೂ ಬದಿಗೆ ಚಾಚಿರುತ್ತದೆ. ಹೇರಿನ ಹಿಂದೆ ಇರುವುದು ಡ್ರೈವರನಿಗೆ ಕಾಣುವುದಿಲ್ಲ, ಇಂಜಿನ್ ಸದ್ದಿನಲ್ಲಿ ನಿಮ್ಮ ಗಂಟೆಯೂ ಕೇಳುವುದಿಲ್ಲ. ಎಡಕ್ಕೆ ತಿರುಗುವಾಗ ಟ್ರ್ಯಾಕ್ಟರ್ ಹೋದ ದಾರಿಯಲ್ಲೇ ಟ್ರೇಲರ್ ಬರುವುದಿಲ್ಲ, ಮೂಲೆಯನ್ನು ಇನ್ನಷ್ಟು ಕತ್ತರಿಸಿ ಬರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಒಳಗೆ. ಟ್ರ್ಯಾಕ್ಟರ್ ಮುಂದೆ ಹೋಯಿತು, ಜಾಗ ಉಳಿಯಿತು ಎಂದು ಎಡಬದಿಗೆ ನುಸುಳಿದವರು ಸಿಕ್ಕಿಬೀಳುವುದು ಇಲ್ಲೇ. ಸಿಗ್ನಲ್ಲಿನಲ್ಲಿ ಗಾಡಿ ನಿಂತಿದ್ದರೂ ಅದರ ಎಡಕ್ಕೆ ಹೋಗಬೇಡಿ, ಹತ್ತು ಮೀಟರ್ ಹಿಂದೆಯೇ ನಿಲ್ಲಿ. ಅದು ನಿಮ್ಮನ್ನು ಹಿಂದೆ ಹಾಕುತ್ತಿದ್ದರೆ ವೇಗ ಇಳಿಸಿ, ಎರಡೂ ಟ್ರೇಲರ್ ಪೂರ್ತಿ ದಾಟುವವರೆಗೆ ಬಲಕ್ಕೆ ಬರಬೇಡಿ. ರಸ್ತೆಗೆ ಬಿದ್ದ ಕಬ್ಬಿನ ಮೇಲೆ ಗಾಲಿ ಹತ್ತಿಸಿದರೆ ಅದು ಉರುಳಿ ಸೈಕಲ್ ಜಾರುತ್ತದೆ.

ಖಡೇಬಜಾರಿನಂಥ ಪೇಟೆಯಲ್ಲಿ ನಿಂತ ಕಾರಿನಿಂದ ಒಂದು ಮೀಟರಾದರೂ ದೂರ ಇರಿ, ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಇದಕ್ಕಾಗಿ ರಸ್ತೆಯ ಸ್ವಲ್ಪ ಒಳಗೆ ಬರಬೇಕಾದರೂ ಅಳುಕಬೇಡಿ. ಒಂದೊಂದು ಕಾರಿನ ಸಂದಿಗೂ ಒಳಗೆ ಹೊರಗೆ ಆಡುತ್ತಾ ಹೋದರೆ ಹಿಂದಿನವರಿಗೆ ನಿಮ್ಮ ದಾರಿ ತಿಳಿಯುವುದಿಲ್ಲ.

ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ನೆಟ್ಟಗೆ ಕೂರಬೇಕು.

ಸಂಜೆಯಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ. ಸೀಟಿನ ಕೆಳಗೇ ಕಟ್ಟಿದ ಕೆಂಪು ದೀಪವನ್ನು ರೇನ್‌ಕೋಟಿನ ಅಂಚು ಪೂರ್ತಿ ಮುಚ್ಚಿಬಿಡುತ್ತದೆ, ಹತ್ತಿದವರಿಗೆ ಅದು ಗೊತ್ತೇ ಆಗುವುದಿಲ್ಲ. ದೀಪವನ್ನು ಹಿಂದಿನ ಮಡ್‌ಗಾರ್ಡಿಗೆ ಕೂರಿಸಿ, ರೇನ್‌ಕೋಟು ಹಾಕಿ ಸೈಕಲ್ ಹತ್ತಿ, ಹಿಂದೆ ಯಾರನ್ನಾದರೂ ನಿಲ್ಲಿಸಿ ಕಾಣುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ.