ನಿಮ್ಮ ಬೀದಿಯಲ್ಲಿ ಯಾರಿಗೆ ಎಷ್ಟು ನೀರು: ಲೆಕ್ಕ ಹಾಕುವ ಕ್ರಮ

ದಾವಣಗೆರೆಯ ಕುಂದವಾಡ ಕೆರೆಯನ್ನೂ ಟಿ.ವಿ. ಸ್ಟೇಷನ್ ಕೆರೆಯನ್ನೂ ತುಂಬಿಸುವುದು ಭದ್ರಾ ಕಾಲುವೆ. ಇನ್ನೊಂದು ಪಾಲು ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ ಹೊಳೆ ನೀರು. ಊರಿಗೆ ಒಟ್ಟು ಎಷ್ಟು ನೀರು ಬಂತು ಎಂಬ ಲೆಕ್ಕ ಪಾಲಿಕೆಯಲ್ಲಿ ಸಿಗುತ್ತದೆ. ಆ ನೀರಿನಲ್ಲಿ ಯಾವ ಮನೆಗೆ ಎಷ್ಟು ತಲುಪಿತು ಎಂಬುದನ್ನು ಮಾತ್ರ, ಮೀಟರ್ ಇಲ್ಲದ ಕಡೆಗಳಲ್ಲಿ, ಬೀದಿಯವರೇ ಕೂಡಿ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ. ಒಂದು ನೋಟ್‌ಬುಕ್, ಒಂದು ಲೀಟರಿನ ಬಾಟಲಿ, ಸಮಯ ನೋಡಲು ಒಂದು ಮೊಬೈಲ್ ಇದ್ದರೆ ಈ ಕೆಲಸಕ್ಕೆ ಸಾಕು.

ಮೊದಲು ನಿಮ್ಮ ಬೀದಿಗೆ ನೀರು ಬಿಡುವ ವಾಲ್ವ್ ಎಲ್ಲಿದೆ ಎಂದು ಗುರುತಿಸಿಕೊಳ್ಳಿ. ಅಲ್ಲಿಂದ ಪೈಪು ಮುಗಿಯುವವರೆಗೆ ಮೂರು ಮನೆಗೊಂದರಂತೆ ಆರಿಸಿಕೊಳ್ಳುತ್ತಾ ಹೋಗಿ. ಪರಿಚಯದ ಮನೆಗಳನ್ನಷ್ಟೇ ಆರಿಸಿಕೊಂಡರೆ ಲೆಕ್ಕ ಕೆಡುತ್ತದೆ. ನಲ್ಲಿಯೇ ಇಲ್ಲದ ಶೆಡ್ಡುಗಳನ್ನೂ ಹಕ್ಕುಪತ್ರವಿಲ್ಲದ ಗುಡಿಸಲುಗಳನ್ನೂ ಬಿಡಬಾರದು. ಬಾಡಿಗೆದಾರರನ್ನು ಮಾಲೀಕರೊಂದಿಗೆ ಸೇರಿಸದೆ ಬೇರೆಯೇ ಕುಟುಂಬವೆಂದು ಬರೆದುಕೊಳ್ಳಿ, ಏಕೆಂದರೆ ಒಂದೇ ಕಾಂಪೌಂಡಿನೊಳಗೆ ಮಾಲೀಕರ ಸಂಪು ತುಂಬಿದ ಮೇಲೆಯೇ ಹಿಂದಿನ ಮನೆಯವರ ಕೊಡಕ್ಕೆ ಸರದಿ ಬರುವುದುಂಟು. ಪ್ರಶ್ನೆಗಳಿಗೆ ಉತ್ತರವನ್ನು ನೀರು ತುಂಬುವವರ ಬಾಯಿಂದಲೇ ಕೇಳಿ. ಹೆಚ್ಚಿನ ಮನೆಗಳಲ್ಲಿ ಅವರು ಹೆಂಗಸರು, ಕೆಲವೆಡೆ ಶಾಲೆಗೆ ಹೋಗುವ ಹೆಣ್ಣುಮಕ್ಕಳು.

ಕೇಳಬೇಕಾದದ್ದು ಇಷ್ಟು: ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಎಷ್ಟು ಹೊತ್ತು ಬರುತ್ತದೆ, ಆ ಸರದಿಯಲ್ಲಿ ಎಷ್ಟು ತುಂಬಿಕೊಳ್ಳುತ್ತೀರಿ, ಮನೆಯಲ್ಲಿ ಎಷ್ಟು ಜನ ಇದ್ದೀರಿ. ಕೊಡ ಎಷ್ಟು ಹಿಡಿಯುತ್ತದೆ ಎಂದು ಅಂದಾಜಿನಲ್ಲಿ ಬರೆಯದೆ ಬಾಟಲಿಯಿಂದ ಅಳೆದು ನೋಡಿ. ತುಂಬಿಕೊಂಡ ಲೀಟರನ್ನು ಜನರ ಸಂಖ್ಯೆಯಿಂದಲೂ ಮುಂದಿನ ಸರದಿಯವರೆಗಿನ ದಿನಗಳಿಂದಲೂ ಭಾಗಿಸಿದರೆ ಒಬ್ಬರಿಗೆ ದಿನಕ್ಕೆ ಸಿಗುವ ನೀರು ತಿಳಿಯುತ್ತದೆ.

ಒಂದು ಉದಾಹರಣೆ ನೋಡೋಣ. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ಐದು ಜನರ ಒಂದು ಮನೆ 15 ಲೀಟರಿನ 20 ಕೊಡ ತುಂಬಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 300 ಲೀಟರ್, ಅಂದರೆ ಒಬ್ಬರಿಗೆ ದಿನಕ್ಕೆ 15 ಲೀಟರ್. ಎದುರಿನ ನಾಲ್ಕು ಜನರ ಮನೆ ಅದೇ ಸರದಿಯಲ್ಲಿ 5,000 ಲೀಟರಿನ ಸಂಪು ತುಂಬಿಸಿಕೊಂಡರೆ ಅಲ್ಲಿ ಒಬ್ಬರಿಗೆ 312 ಲೀಟರ್ ಆಗುತ್ತದೆ. ಎರಡೂ ಮನೆಗಳ ಒಂಬತ್ತು ಜನರನ್ನು ಸೇರಿಸಿ ಸರಾಸರಿ ತೆಗೆದರೆ ಒಬ್ಬರಿಗೆ ದಿನಕ್ಕೆ 147 ಲೀಟರ್ ಬರುತ್ತದೆ. ಒಳಚರಂಡಿ ಇರುವ ನಗರಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ಹೇಳುವ ಪ್ರಮಾಣ 135 ಲೀಟರ್. ಕಾಗದದ ಮೇಲೆ ಆ ಬೀದಿಗೆ ಕೊರತೆಯೇ ಇಲ್ಲ, ಆದರೆ 15 ಲೀಟರಿನಲ್ಲಿ ದಿನ ದೂಡುವ ಕುಟುಂಬ ಅಲ್ಲೇ ಇದೆ. ಆದ್ದರಿಂದ ಸರಾಸರಿಯನ್ನು ಎಂದಿಗೂ ಒಂಟಿಯಾಗಿ ಬರೆಯಬೇಡಿ. ಅತಿ ಕಡಿಮೆ ಪಡೆದ ಐದು ಮನೆಗಳ ಅಂಕಿಯನ್ನೂ ಅತಿ ಹೆಚ್ಚು ಪಡೆದ ಐದು ಮನೆಗಳ ಅಂಕಿಯನ್ನೂ ಅಕ್ಕಪಕ್ಕದಲ್ಲಿಡಿ. ವಾಲ್ವ್ ಎಲ್ಲರಿಗೂ ಒಂದೇ ಹೊತ್ತಿಗೆ ತೆರೆದರೂ, ತುಂಬಿಟ್ಟುಕೊಳ್ಳಲು ಜಾಗವಿದ್ದವರಿಗೂ ಇಲ್ಲದವರಿಗೂ ನಡುವೆ ಇರುವ ಈ ಅಂತರವೇ ನಾವು ತೋರಿಸಬೇಕಾದ ಸಂಗತಿ ಎಂದು ನನ್ನ ದೃಢ ಅಭಿಪ್ರಾಯ.

ಪೈಪಿನ ಕೊನೆಯ ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ನಲ್ಲಿಯ ಕೆಳಗೆ ಬಕೆಟ್ ಇಟ್ಟು ತುಂಬಲು ಎಷ್ಟು ನಿಮಿಷ ಬೇಕಾಯಿತೆಂದು ನೋಡಿ, ಅದೇ ಹೊತ್ತಿನಲ್ಲಿ ಮೊದಲ ಮನೆಯಲ್ಲೂ ಅಳೆಯಿರಿ. ವಾಲ್ವ್ ಕಡೆಯ ಮನೆಗಳವರು ಪೈಪಿಗೆ ನೇರವಾಗಿ ಮೋಟಾರು ಕಟ್ಟಿ ಎಳೆಯುತ್ತಿದ್ದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಭದ್ರಾ ಕಾಲುವೆಯ ಕೊನೆಭಾಗದ ರೈತರ ಗೋಳನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಲ್ಲಿ ನೀರು ಸಾಲದವರು ಶುದ್ಧ ನೀರಿನ ಘಟಕಕ್ಕೋ ಟ್ಯಾಂಕರಿಗೋ ಕೊಡುವ ಹಣವನ್ನು 1,000 ಲೀಟರಿಗೆ ಪರಿವರ್ತಿಸಿ ಬರೆಯಿರಿ. 20 ಲೀಟರ್ ಕ್ಯಾನಿಗೆ 5 ರೂಪಾಯಿ ಕೊಟ್ಟರೂ ಅದು 250 ರೂಪಾಯಿ ಆಗುತ್ತದೆ. ನೀರಿಗಾಗಿ ಕಾದ ಹೊತ್ತನ್ನೂ ದಾಖಲಿಸಿ, ಏಕೆಂದರೆ ಮಂಡಕ್ಕಿ ಭಟ್ಟಿಗೋ ಮನೆಗೆಲಸಕ್ಕೋ ಹೋಗಬೇಕಾದವರಿಗೆ ಆ ಹೊತ್ತು ಕೂಲಿಯ ನಷ್ಟ. ಬೋರ್‌ವೆಲ್ ನೀರನ್ನೇ ಕುಡಿಯುವವರಿದ್ದರೆ ಪ್ರಯೋಗಾಲಯದಲ್ಲಿ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರು ಸಿಗದಾಗಲೂ 1.5 ಮೀರಬಾರದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಕಾಲುವೆಯಲ್ಲಿ ನೀರು ಹರಿಯುವಾಗ ಒಮ್ಮೆ, ಕಾಲುವೆ ನಿಂತು ಕೆರೆ ಇಳಿಯುತ್ತಿರುವಾಗ ಮತ್ತೊಮ್ಮೆ ಇದೇ ಮನೆಗಳಲ್ಲಿ ಲೆಕ್ಕ ತೆಗೆದುಕೊಳ್ಳಿ. ಬಳಿಕ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಪಾಲಿಕೆಗೆ ಅರ್ಜಿ ಹಾಕಿ, ನಿಮ್ಮ ವಾರ್ಡಿಗೆ ನೀರು ಬಿಟ್ಟ ದಿನ ಮತ್ತು ವೇಳೆಯ ದಾಖಲೆ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅವರ ದಾಖಲೆಯನ್ನೂ ನಿಮ್ಮ ನೋಟ್‌ಬುಕ್ಕಿನ ಅಂಕಿಗಳನ್ನೂ ಒಂದೇ ಹಾಳೆಯಲ್ಲಿ ಎದುರುಬದುರು ಬರೆದು, ಮನೆಯವರ ಹೆಸರುಗಳನ್ನು ಬಿಟ್ಟು ಸಂಖ್ಯೆಗಳನ್ನಷ್ಟೇ ಇಟ್ಟು, ಆಯುಕ್ತರಿಗೆ ಮನವಿ ಸಲ್ಲಿಸಿ. ಬೇಡಿಕೆ ಖಚಿತವಾಗಿರಲಿ: ಬೀದಿಯ ಕೊನೆಭಾಗಕ್ಕೆ ಪ್ರತ್ಯೇಕ ವಾಲ್ವ್, ನೇರ ಮೋಟಾರುಗಳ ತೆರವು, ನಲ್ಲಿಯಿಲ್ಲದ ಮನೆಗಳಿಗೆ ಹತ್ತಿರದಲ್ಲೊಂದು ಬೀದಿ ನಲ್ಲಿ. ಮನವಿಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆಯನ್ನೂ ತಾರೀಖನ್ನೂ ಹಾಕಿಸಿಕೊಂಡೇ ಹೊರಗೆ ಬನ್ನಿ.