ಪ್ರಶ್ನೆಪತ್ರಿಕೆಯನ್ನೇ ಪರೀಕ್ಷೆಗೆ ಕೂರಿಸಿದೆ

ಚಳ್ಳಕೆರೆ ತಾಲೂಕಿನ ಹಳ್ಳಿ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಒಂದು ಕಿರುಪರೀಕ್ಷೆಯಲ್ಲಿ ಲಾಭ-ನಷ್ಟದ ಲೆಕ್ಕವನ್ನು ಅರ್ಧಕ್ಕರ್ಧ ಮಕ್ಕಳು ಬಿಟ್ಟಿದ್ದರು. ಅವರಲ್ಲಿ ಒಬ್ಬಳು ಸಂತೆಯಲ್ಲಿ ಅಮ್ಮನ ಜೊತೆ ಕೂತು ಶೇಂಗಾ ಮಾರುವ ಹುಡುಗಿ. ಚಿಲ್ಲರೆ ಎಣಿಸುವುದರಲ್ಲಿ ನನಗಿಂತ ಚುರುಕು. ಅವಳಿಗೆ ಲಾಭ ಗೊತ್ತಿಲ್ಲ ಅಂದರೆ ನಂಬುವುದು ಹೇಗೆ?

ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪ್ರಶ್ನೆ ಕೊಟ್ಟೆ. ಓದು, ಏನು ಕೇಳಿದ್ದಾರೆ ಹೇಳು, ಹೇಗೆ ಮಾಡುತ್ತೀಯ ಹೇಳು, ಮಾಡು, ಉತ್ತರ ಬರಿ. ಆಸ್ಟ್ರೇಲಿಯಾದ ಶಿಕ್ಷಣ ತಜ್ಞೆ ಆನ್ ನ್ಯೂಮನ್ 1977ರಲ್ಲಿ ತೋರಿಸಿಕೊಟ್ಟ ಐದು ಮೆಟ್ಟಿಲು ಇವು. ಮಗು ಎಲ್ಲಿ ನಿಲ್ಲುತ್ತದೆ ಅಂತ ನೋಡಬೇಕು, ಅಷ್ಟೇ. ಅವಳು ಎರಡನೆಯದರಲ್ಲೇ ನಿಂತಳು. “ದುರಸ್ತಿ ವೆಚ್ಚ ಅಂದ್ರೇನು ಸಾರ್?” ಅವರ ಮನೆಮಾತು ತೆಲುಗು. “ರಿಪೇರಿ ಖರ್ಚು ಕಣಮ್ಮ” ಅಂದೆ. ಬಾಯಲ್ಲೇ ಉತ್ತರ ಹೇಳಿಬಿಟ್ಟಳು. ಅವತ್ತು ರಾತ್ರಿ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಮುಂದಿನ ಪತ್ರಿಕೆಯಲ್ಲಿ ಫ್ರಿಜ್ಜು, ಪಿಜ್ಜಾ ತೆಗೆದು ಕುರಿ, ಕಂಬಳಿ ಹಾಕಿದೆ. ನಮ್ಮೂರಿನ ಮಕ್ಕಳಿಗೆ ಹತ್ತಿರವಾಯಿತು ಅಂದುಕೊಂಡೆ. ‘8 ಕುರಿಗಳನ್ನು 12,000 ರೂಪಾಯಿಗೆ ಕೊಂಡು...’ ಅಂತ ಬರೆದಿದ್ದೆ. ಕುರಿ ಕಾಯುವ ಮನೆಯ ಹುಡುಗ ಎಲ್ಲಾ ಬೆಲೆಗೂ ಒಂದೊಂದು ಸೊನ್ನೆ ಸೇರಿಸಿ ಲೆಕ್ಕ ಮಾಡಿದ್ದ. ನಾನು ತಪ್ಪು ಹಾಕಿದೆ. ಆಮೇಲೆ ಕರೆದು ಕೇಳಿದರೆ, “ಆ ದುಡ್ಡಿಗೆ ಮರಿನೂ ಬರಲ್ಲ ಸಾರ್, ಸೊನ್ನೆ ಬಿಟ್ಟೋಗಿದೆ ಅಂದ್ಕೊಂಡೆ” ಅಂದ. ಊರಿನ ಹೆಸರು, ಊರಿನ ವಸ್ತು ಸುಮ್ನೆ ಅಂಟಿಸಿದರೆ ಆಗುವುದಿಲ್ಲ. ಸಂಖ್ಯೆಯೂ ಆ ಬದುಕಿನದ್ದೇ ಆಗಿರಬೇಕು, ಅಲ್ವಾ? ಈಗ ಪತ್ರಿಕೆ ಅಂತಿಮ ಮಾಡುವ ಮೊದಲು ಬೆಲೆಗಳನ್ನು ಪೋಷಕರ ಹತ್ತಿರ ಕೇಳಿಕೊಳ್ಳುತ್ತೇನೆ.

ಇನ್ನೊಂದು ತೊಂದರೆ ಜೆರಾಕ್ಸಿನದು. ಜೆರಾಕ್ಸಿನ ಮೇಲೆ ಜೆರಾಕ್ಸ್ ಮಾಡಿಸಿ, −7 ಬರೀ 7 ಆಗಿತ್ತು. ದೃಷ್ಟಿ ಮಂದ ಇರುವ ಮಗುವಿಗೆ ಭಿನ್ನರಾಶಿಯ ನಡುಗೆರೆಯೇ ಕಾಣುತ್ತಿರಲಿಲ್ಲ. ಈಗ ಮೂಲ ಪ್ರತಿಯಿಂದಲೇ ತೆಗೆಸುತ್ತೇನೆ. ಅಕ್ಷರ ದಪ್ಪ, ಪ್ರಶ್ನೆಗಳ ನಡುವೆ ಜಾಗ ಜಾಸ್ತಿ. ಚಿತ್ರಗಳಲ್ಲಿ ಬಣ್ಣದ ಬದಲು ಗೆರೆ, ಚುಕ್ಕಿ.

ಲೆಕ್ಕವನ್ನು ಮಾತ್ರ ಸುಲಭ ಮಾಡಿಲ್ಲ. ಶೇಕಡಾ ಕಂಡುಹಿಡಿಯುವುದನ್ನು ಅಳೆಯಬೇಕಿದ್ದರೆ ಶೇಕಡಾ ಇದ್ದೇ ಇರುತ್ತದೆ.

ಓದಲು ಕಷ್ಟಪಡುವ ಒಬ್ಬ ಹುಡುಗನಿದ್ದಾನೆ. ಕಲಿಕಾ ನ್ಯೂನತೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿದೆ. ಅವನಿಗೆ ಪ್ರಶ್ನೆ ಓದಿ ಹೇಳುತ್ತೇನೆ, ಸಮಯವನ್ನೂ ಜಾಸ್ತಿ ಕೊಡುತ್ತೇನೆ. ಕಳೆದ ಪರೀಕ್ಷೆಯಲ್ಲಿ ಲಾಭ-ನಷ್ಟ, ಶೇಕಡಾ ಎಲ್ಲಾ ಸರಿ ಮಾಡಿದ. ಭಿನ್ನರಾಶಿಯ ಭಾಗಾಕಾರ ಮಾತ್ರ ತಪ್ಪಿತ್ತು. ಸೋಮವಾರದಿಂದ ಅವನಿಗೆ ಅದನ್ನೇ ಹೇಳಿಕೊಡುತ್ತಿದ್ದೇನೆ.